ಹದಿನಾರನೇ ಶ್ರೇಯಾಂಕದ ತಂಡಕ್ಕೆ ಸೋತ ಮೇಲೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಮಾರ್ಚ್ ಎಂದರೆ ಪರೀಕ್ಷೆಯ ತಿಂಗಳು. ಎನ್‌ಸಿಎಎ ಪಂದ್ಯಾವಳಿಗೆ 68 ತಂಡಗಳು ಬರುತ್ತವೆ. ಅವನ್ನು ನಾಲ್ಕು ವಲಯಗಳಾಗಿ ಹಂಚಿ, ಪ್ರತಿ ವಲಯದಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಒಂದನೆಯವರು ಹದಿನಾರನೆಯವರ ಜೊತೆ ಆಡುತ್ತಾರೆ. ಒಮ್ಮೆ ಸೋತರೆ ಮುಗಿಯಿತು, ಗಂಟುಮೂಟೆ ಕಟ್ಟಬೇಕು. 64 ತಂಡಗಳ ಪದ್ಧತಿ ಬಂದ 1985ರಿಂದ ಪುರುಷರ ವಿಭಾಗದಲ್ಲಿ ಇಂಥ ಪಂದ್ಯಗಳು 135 ನಡೆದಿದ್ದವು, 135ನ್ನೂ ಒಂದನೇ ಶ್ರೇಯಾಂಕದವರೇ ಗೆದ್ದಿದ್ದರು. 2018ರ ಮಾರ್ಚ್ 16ರ ರಾತ್ರಿ ಶಾರ್ಲಟ್ ನಗರದಲ್ಲಿ ಆ ಸಾಲು ಮುರಿಯಿತು. ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿ, ಅಂದರೆ ಯುಎಂಬಿಸಿ, 74. ವರ್ಜೀನಿಯಾ 54.

ವರ್ಜೀನಿಯಾ ನನ್ನ ತಂಡ. ಶಾರ್ಲಟ್ಸ್‌ವಿಲ್‌ಗೆ ಎಂ.ಎಸ್. ಓದಲು ಬಂದ ಕಾಲದಲ್ಲಿ ಹಳೆಯ ಯೂನಿವರ್ಸಿಟಿ ಹಾಲ್‌ನ ಮೇಲಿನ ಸಾಲಿನಲ್ಲಿ ಕೂತು ಹತ್ತಿಸಿಕೊಂಡ ಹುಚ್ಚು ಇದು. ಈಗ ವಾಷಿಂಗ್ಟನ್ ಬಳಿ ಕೆಲಸ, ಸಂಸಾರ. ಚಳಿಗಾಲದ ಶನಿವಾರಗಳಲ್ಲಿ ನಮ್ಮ ಕೌಂಟಿಯ ಮಕ್ಕಳ ಲೀಗ್‌ನಲ್ಲಿ ಒಂದು ತಂಡಕ್ಕೆ ಆಟ ಹೇಳಿಕೊಡುತ್ತೇನೆ. ಯುಎಂಬಿಸಿ ಎದುರು ಇಳಿಯುವ ಮುನ್ನ ವರ್ಜೀನಿಯಾದ ನಮ್ಮವರು ಆ ವರ್ಷ 31 ಗೆದ್ದು ಎರಡೇ ಎರಡು ಸೋತಿದ್ದರು. ಅಷ್ಟೂ ತಂಡಗಳಲ್ಲಿ ಅಗ್ರಸ್ಥಾನ ನಮ್ಮದೇ. ಅಂಥ ತಂಡದ ಅಂಥ ಸೋಲನ್ನು ಇಷ್ಟು ವರ್ಷ ತಿರುವಿ ಹಾಕಿದ ಮೇಲೆ ಕೈಯಲ್ಲಿ ಉಳಿದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಪವಾಡ ಎನ್ನಬೇಡಿ

ಮರುದಿನ ಎಲ್ಲರ ಬಾಯಲ್ಲೂ ಅದೇ ಮಾತು, ಪವಾಡ. ಹಾಗೆಂದುಬಿಟ್ಟರೆ ಯೋಚಿಸುವ ಕೆಲಸ ತಪ್ಪುತ್ತದೆ. ಗೆದ್ದವರ ದುಡಿಮೆಯೂ ಮರೆಯಾಗುತ್ತದೆ, ಸೋತವರ ದೋಷವೂ ಮರೆಯಾಗುತ್ತದೆ. ಎರಡು ತಂಡಕ್ಕೂ ಅದರಿಂದ ಅನ್ಯಾಯ.

ಯುಎಂಬಿಸಿ ಹೇಗೆ ಅಲ್ಲಿಗೆ ಬಂತೆಂದು ನೋಡಿ. 2015–16ರಲ್ಲಿ ಅದು ಗೆದ್ದದ್ದು 7, ಸೋತದ್ದು 25. ಆಮೇಲೆ ರಯನ್ ಓಡಮ್ ಕೋಚ್ ಆಗಿ ಬಂದರು. 2018ರ ಜನವರಿಯಲ್ಲಿ ಇದೇ ತಂಡ ಆಲ್ಬನಿ ಎದುರು 39–83ರಿಂದ, ಅಂದರೆ 44 ಅಂಕಗಳಿಂದ ನೆಲಕಚ್ಚಿತ್ತು. ಎರಡು ತಿಂಗಳೊಳಗೆ ಚೇತರಿಸಿಕೊಂಡು ತಮ್ಮ ಲೀಗಿನ ಫೈನಲ್ ಮುಟ್ಟಿದರು. ಎದುರಿಗಿದ್ದದ್ದು ವರ್ಮಾಂಟ್, ಅವರನ್ನು ಸತತ 23 ಸಲ ಸೋಲಿಸಿದ್ದ ತಂಡ. ಇನ್ನೇನು ಗಡಿಯಾರ ನಿಲ್ಲಬೇಕು ಎನ್ನುವಾಗ ಜೈರಸ್ ಲೈಲ್ಸ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು, 65–62. ಸೋಲಿನ ಭಯ ಇವರಿಗೆ ಉಳಿದಿರಲೇ ಇಲ್ಲ. ನಮ್ಮವರಿಗೆ ಅದರ ಅಭ್ಯಾಸವೇ ಇರಲಿಲ್ಲ.

ಒಂದು ಅಂಕದಿಂದ, ಕೊನೆಯ ಗಳಿಗೆಯ ಅಡ್ಡಾದಿಡ್ಡಿ ಎಸೆತದಿಂದ ಸೋತಿದ್ದರೆ ಪವಾಡದ ಮಾತನ್ನು ಒಪ್ಪಬಹುದಿತ್ತು. ಇಲ್ಲಿ ಅಂತರ 20. ಅರ್ಧ ಆಟಕ್ಕೆ 21–21 ಸಮ. ಉಳಿದರ್ಧದಲ್ಲಿ ಅವರು 53, ನಾವು 33. ಆ ಇಡೀ ವರ್ಷ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ನಮ್ಮದು, ಪಂದ್ಯವೊಂದಕ್ಕೆ ಸುಮಾರು 54. ನಮ್ಮೆದುರು ಎಲ್ಲರೂ ನಲವತ್ತು ನಿಮಿಷ ಒದ್ದಾಡಿ ಹೊಡೆಯುತ್ತಿದ್ದಷ್ಟನ್ನು ಅವರು ಇಪ್ಪತ್ತೇ ನಿಮಿಷದಲ್ಲಿ ಹೊಡೆದರು. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಬೇಕು.

2. ಅಂಕಪಟ್ಟಿಯ ಹಿಂದೆ ಪಾದಗಳನ್ನು ನೋಡಿ

ಮೊದಲ ಕಾರಣ ಅಂಕಪಟ್ಟಿಯಲ್ಲೇ ಕಣ್ಣಿಗೆ ಹೊಡೆಯುತ್ತದೆ. ಮೂರು ಅಂಕದ ಗೆರೆಯಾಚೆಯಿಂದ ಅವರು 24 ಎಸೆದು 12 ಹಾಕಿದರು. ನಾವು 22 ಎಸೆದು 4. ಅಲ್ಲಿ ಅವರಿಗೆ 36 ಅಂಕ, ನಮಗೆ 12. ಅದನ್ನು ತೆಗೆದಿಟ್ಟು ಮಿಕ್ಕದ್ದನ್ನು ಕೂಡಿದರೆ ನಾವು 42, ಅವರು 38. ನಮ್ಮ ಅಭಿಮಾನಿಗಳು ಬಹಳ ದಿನ ಈ ಲೆಕ್ಕವನ್ನೇ ಹಿಡಿದು ಸಮಾಧಾನ ಪಟ್ಟರು. ಅವರ ಚೆಂಡು ಬಿತ್ತು, ನಮ್ಮದು ಬೀಳಲಿಲ್ಲ, ಅಷ್ಟೇ ಕಥೆ ಎಂದು.

ಅಷ್ಟೇ ಕಥೆ ಅಲ್ಲ. ನಮ್ಮ ಕೋಚ್ ಟೋನಿ ಬೆನೆಟ್ ಅವರ ತಂಡ ಆಡುತ್ತಿದ್ದ ರಕ್ಷಣೆಗೆ ‘ಪ್ಯಾಕ್ ಲೈನ್’ ಎಂದು ಹೆಸರು. ಅವರ ತಂದೆ ಡಿಕ್ ಬೆನೆಟ್ ಕಟ್ಟಿ ಬೆಳೆಸಿದ ಪದ್ಧತಿ. ಬುಟ್ಟಿಯಿಂದ ಸುಮಾರು 16 ಅಡಿಗೆ ಒಂದು ಗೆರೆ ಇದೆಯೆಂದು ಎಣಿಸಿಕೊಳ್ಳಿ. ಚೆಂಡು ಹಿಡಿದವನ ಮೇಲೆ ಒಬ್ಬ ಬೀಳುತ್ತಾನೆ, ಉಳಿದ ನಾಲ್ವರು ಆ ಗೆರೆಯೊಳಗೆ ನಿಲ್ಲುತ್ತಾರೆ. ಯಾರಾದರೂ ಡ್ರಿಬಲ್ ಮಾಡುತ್ತ ಒಳನುಗ್ಗಿದರೆ ಎಲ್ಲಿ ನೋಡಿದರೂ ಮೈಗೆ ಮೈ. ಆದರೆ ಆಗಿನ ಕಾಲೇಜು ಆಟದಲ್ಲಿ ಮೂರು ಅಂಕದ ಗೆರೆ ಇದ್ದದ್ದು 20 ಅಡಿ 9 ಅಂಗುಲಕ್ಕೆ. ನಡುವೆ ಹೆಚ್ಚುಕಡಿಮೆ ಐದು ಅಡಿ. ಹೊರಗೆ ನಿಂತವನಿಗೆ ಪಾಸ್ ಹೋದ ತಕ್ಷಣ ಆ ಐದು ಅಡಿ ಓಡಿಹೋಗಿ ಅವನೆದುರು ಕೈಯೆತ್ತಬೇಕು. ಇದಕ್ಕೆ ಕ್ಲೋಸ್‌ಔಟ್ ಎನ್ನುತ್ತಾರೆ, ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ.

ನಮ್ಮ ಮಕ್ಕಳಿಗೆ ಇದನ್ನು ಹೀಗೆ ಕಲಿಸುತ್ತೇನೆ: ಮೊದಲ ಎರಡು ಹೆಜ್ಜೆ ಓಟ, ಆಮೇಲೆ ಪುಟ್ಟ ಪುಟ್ಟ ಹೆಜ್ಜೆ, ಸೊಂಟ ಕೆಳಗೆ, ಒಂದು ಕೈ ಮೇಲೆ, ತೂಕ ಹಿಂಗಾಲಿನ ಕಡೆಗೆ. ಬಿರುಸಾಗಿ ಹೋಗಿ ಗಕ್ಕನೆ ನಿಂತರೆ ಎದುರಿನವನು ಪಕ್ಕದಿಂದ ನುಸುಳಿಬಿಡುತ್ತಾನೆ. ನಿಧಾನವಾಗಿ ಹೋದರೆ ಎಸೆದೇಬಿಡುತ್ತಾನೆ. ಆ ರಾತ್ರಿಯ ದ್ವಿತೀಯಾರ್ಧದ ಚಿತ್ರಣ ಹಾಕಿ ನಮ್ಮವರ ಮೊಣಕಾಲಿನಿಂದ ಕೆಳಗಷ್ಟೇ ನೋಡಿ. ಪಾದಗಳು ಅರ್ಧ ಹೆಜ್ಜೆ ತಡ. ಕೆಲವು ಸಲ ಹೋಗಿ ಮುಗ್ಗರಿಸಿದಂತೆ ನಿಂತವು, ಕೆಲವು ಸಲ ಹೋಗಲೇ ಇಲ್ಲ. ಲೈಲ್ಸ್ ಆ ಅರ್ಧ ಹೆಜ್ಜೆಯನ್ನು ಬಿಡದೆ ಬಳಸಿಕೊಂಡ. ಎದುರಿನವನನ್ನು ದಾಟಿ ಒಳಗೆ ಹೋದ, ನಮ್ಮವರು ಅವನತ್ತ ವಾಲಿದರು, ಹೊರಗಿದ್ದವರಿಗೆ ಜಾಗ ಸಿಕ್ಕಿತು. ಅವನೊಬ್ಬನೇ 11 ಎಸೆದು 9 ಹಾಕಿದ, ಒಟ್ಟು 28 ಅಂಕ, ಅದರಲ್ಲಿ 23 ದ್ವಿತೀಯಾರ್ಧದಲ್ಲಿ. ಐದು ಅಡಿ ಎಂಟು ಅಂಗುಲದ ಕೆ.ಜೆ. ಮೌರಾ ಚೆಂಡನ್ನು ನಮ್ಮ ಎತ್ತರದ ಹುಡುಗರ ಮಧ್ಯದಲ್ಲಿ ಒಮ್ಮೆಯೂ ಗಾಬರಿಯಿಲ್ಲದೆ ನಡೆಸಿಕೊಂಡು ಹೋದ. ಅವರಿಗೆ ಸಿಕ್ಕ ಎಸೆತಗಳು ಅವರೇ ಮಾಡಿಕೊಂಡವು.

3. ನಿಧಾನದ ಆಟಕ್ಕೆ ಒಂದು ಬೆಲೆ ಇದೆ, ಅದು ತಿಳಿದಿರಲಿ

ವರ್ಜೀನಿಯಾದಷ್ಟು ನಿಧಾನವಾಗಿ ಆಡುವ ತಂಡ ಆಗ ದೇಶದಲ್ಲೇ ಇರಲಿಲ್ಲ ಎನ್ನಬೇಕು. ಎಸೆಯಲು ಇರುವ 30 ಸೆಕೆಂಡುಗಳಲ್ಲಿ ಬಹುಪಾಲನ್ನು ಬಳಸಿ, ಸರಿಯಾದ ಎಸೆತ ಸಿಗುವವರೆಗೆ ಕಾಯುತ್ತಿದ್ದರು. ಈ ಆಟವನ್ನು ಬೇಸರದ್ದೆಂದು ಹಳಿಯುವವರು ಬಹಳ. ನನಗೆ ಅದು ಇಷ್ಟ. ಐವರೂ ಒಂದೇ ಮನಸ್ಸಿನಿಂದ ಸರಿಯುವುದನ್ನು ನೋಡುವುದೇ ಒಂದು ಸುಖ. ಆದರೆ ಇಷ್ಟಪಡುವವರಿಗೆ ಅದರ ಲೆಕ್ಕವೂ ಗೊತ್ತಿರಬೇಕು.

ಸಾಧಾರಣ ಕಾಲೇಜು ಪಂದ್ಯದಲ್ಲಿ ಒಂದೊಂದು ತಂಡದ ಕೈಗೆ ಚೆಂಡು ಸುಮಾರು 70 ಸಲ ಬರುತ್ತದೆ ಎನ್ನೋಣ. ನಮ್ಮ ಪಂದ್ಯಗಳಲ್ಲಿ 60ರ ಆಸುಪಾಸು. ಬಲವಾದ ತಂಡ ಪ್ರತಿ ಸರದಿಯಲ್ಲೂ ಎದುರಾಳಿಗಿಂತ ಒಂದಿಷ್ಟು ಹೆಚ್ಚು ಗಳಿಸುತ್ತದೆ. ಸರದಿಗಳು ಹೆಚ್ಚಿದಷ್ಟೂ ಆ ಚೂರುಪಾರು ಸೇರಿ ದೊಡ್ಡ ಅಂತರವಾಗುತ್ತದೆ, ನಡುವೆ ಒಂದೆರಡು ಕೆಟ್ಟ ಗಳಿಗೆ ಬಂದರೂ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ. ಸರದಿ ಕಡಿಮೆಯಾದಷ್ಟೂ ಯೋಗಾಯೋಗದ ಪಾಲು ಏರುತ್ತದೆ. ಅಶಕ್ತ ತಂಡವೊಂದು ಬಲಿಷ್ಠರ ಎದುರು ನಿಧಾನವಾಗಿ ಆಡಿದರೆ ಅದು ಜಾಣತನ. ಬಲಿಷ್ಠ ತಂಡವೇ ನಿಧಾನವಾಗಿ ಆಡುವಾಗ ಎದುರಾಳಿಗೆ ಆ ಅನುಕೂಲವನ್ನು ತಾನೇ ಕೊಟ್ಟಂತಾಗುತ್ತದೆ. ಸೀಸನ್ ಉದ್ದಕ್ಕೂ ಇದು ಕಾಣುವುದಿಲ್ಲ, ಮೂವತ್ತು ಪಂದ್ಯಗಳಲ್ಲಿ ಸರಾಸರಿ ಸರಿಹೋಗುತ್ತದೆ. ಒಂದೇ ಪಂದ್ಯದಲ್ಲಿ ಹಣೆಬರಹ ತೀರ್ಮಾನವಾಗುವ ಮಾರ್ಚ್‌ನಲ್ಲಿ ಕಾಣುತ್ತದೆ.

ಇನ್ನೂ ಒಂದಿದೆ. ಹಿಂದೆ ಬಿದ್ದಾಗ ಇಂಥ ತಂಡಕ್ಕೆ ಓಡಲು ಬರುವುದಿಲ್ಲ. ಅಂತರ ಹತ್ತು ದಾಟಿದ ಮೇಲೆ ನಮ್ಮವರು ಅವಸರಕ್ಕೆ ಬಿದ್ದರು. ರೂಢಿಯಿಲ್ಲದ ವೇಗ, ರೂಢಿಯಿಲ್ಲದ ಎಸೆತ. ಎಚ್ಚರಿಕೆ ಹಿಂದಿನ ವರ್ಷವೇ ಸಿಕ್ಕಿತ್ತು. 2017ರ ಪಂದ್ಯಾವಳಿಯಲ್ಲಿ ಫ್ಲಾರಿಡಾ ಎದುರು 39–65. ನಲವತ್ತು ನಿಮಿಷಕ್ಕೆ ಮೂವತ್ತೊಂಬತ್ತೇ ಅಂಕ! ರಕ್ಷಣೆ ಅದ್ಭುತವಾಗಿರುವ ತಂಡದಲ್ಲಿ ಅಂಕ ಗಳಿಸುವ ದಾರಿಗಳು ಕಡಿಮೆ ಇದ್ದರೆ, ರಕ್ಷಣೆ ಕೈಕೊಟ್ಟ ದಿನ ಹಿಡಿಯಲು ಬೇರೆ ಕೊಂಬೆ ಇರುವುದಿಲ್ಲ. ಬೆನೆಟ್ ಸ್ವತಃ ಆಟಗಾರನಾಗಿದ್ದಾಗ ಮೂರು ಅಂಕದ ಎಸೆತದಲ್ಲಿ ಶೇ 49.7ರ ಯಶಸ್ಸಿನೊಂದಿಗೆ ಕಾಲೇಜು ದಾಖಲೆ ಬರೆದವರು. ಅಂಥವರ ತಂಡ 22ಕ್ಕೆ 4 ಹಾಕಿ ಸೋತದ್ದನ್ನು ಅರಗಿಸಿಕೊಳ್ಳಲು ನನಗೆ ಇವತ್ತಿಗೂ ಕಷ್ಟ.

4. ಗಾಯಾಳುವಿನ ಹೆಸರಲ್ಲಿ ಅಡಗಿಕೊಳ್ಳಬೇಡಿ

ಪಂದ್ಯಕ್ಕೆ ಕೆಲವೇ ದಿನ ಮುಂಚೆ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗುಳಿದ. ವರ್ಜೀನಿಯಾ ಆಡುವ ಲೀಗಿನಲ್ಲಿ ಬದಲಿ ಆಟಗಾರರ ಪೈಕಿ ಶ್ರೇಷ್ಠನೆಂಬ ಪ್ರಶಸ್ತಿ ಪಡೆದವನು. ಉದ್ದ ತೋಳು, ಯಾರನ್ನು ಬೇಕಾದರೂ ತಡೆಯಬಲ್ಲ. ಅವನಿದ್ದಿದ್ದರೆ ಲೈಲ್ಸ್‌ಗೆ ಅಷ್ಟು ಸಲೀಸಾಗುತ್ತಿರಲಿಲ್ಲ, ನಿಜ. ಆದರೆ ಇಪ್ಪತ್ತು ಅಂಕ? ಒಬ್ಬನ ಗೈರುಹಾಜರಿ ಅಷ್ಟನ್ನು ಹೊರಲಾರದು. ಇದ್ದವರು ಆಡಿದ ಆಟವನ್ನು ಮೊದಲು ನೋಡಿ.

5. ಆಡುವವರು ಇಪ್ಪತ್ತರ ಹುಡುಗರು

ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಆ ಸೋಲಿನ ನಂತರ ನಮ್ಮ ಹುಡುಗರಿಗೆ ಜೀವಬೆದರಿಕೆಗಳು ಬಂದವು. ತಂಡದ ಮುಖ್ಯ ಎಸೆತಗಾರ ಕೈಲ್ ಗೈ ಕೆಲವು ವಾರಗಳ ನಂತರ ತಾನು ಆತಂಕದ ತೊಂದರೆಯಿಂದ ನರಳುತ್ತಿರುವುದನ್ನು, ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವುದನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಂಡ. ಇಪ್ಪತ್ತು, ಇಪ್ಪತ್ತೊಂದರ ಹುಡುಗ. ನಮ್ಮೂರಿನಲ್ಲಿ ಆ ವಯಸ್ಸಿನ ಮಕ್ಕಳನ್ನು ಇನ್ನೂ ಊಟ ಆಯ್ತಾ ಎಂದು ಕೇಳುತ್ತೇವೆ.

ಸೋತ ಕೆಲವೇ ನಿಮಿಷಕ್ಕೆ ಬೆನೆಟ್ ಕೋರ್ಟಿನಲ್ಲೇ ಟಿವಿ ಕ್ಯಾಮೆರಾ ಎದುರು ನಿಂತರು. ಚೆನ್ನಾಗಿ ಹೊಡೆತ ತಿಂದೆವು, ಪೈಪೋಟಿಯ ಹತ್ತಿರಕ್ಕೂ ಹೋಗಲಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ಎದುರಾಳಿಗಳನ್ನು ಹೊಗಳಿದರು. ರೆಫರಿಗಳ ತೀರ್ಪಿನ ಮಾತಿಲ್ಲ, ಗಾಯದ ನೆಪವಿಲ್ಲ. ಆಮೇಲೆ ಪತ್ರಕರ್ತರ ಮುಂದೆ ಕೈಲ್ ಗೈ ಮತ್ತು ಟೈ ಜೆರೋಮ್ ಕೂತು ಉತ್ತರ ಹೇಳಿದರು. ಅಭಿಮಾನಿಯಾಗಿ ನಾನು ಹೆಮ್ಮೆಪಟ್ಟ ಗಳಿಗೆಗಳಲ್ಲಿ ಅದೂ ಒಂದು. ಗೆದ್ದಾಗ ಎದೆಯುಬ್ಬಿಸುವ ಹಕ್ಕು ನಮಗಿದ್ದರೆ, ಸೋತಾಗ ಆ ಮಕ್ಕಳ ಪರ ನಿಲ್ಲುವ ಕರ್ತವ್ಯವೂ ನಮ್ಮದೇ.

6. ಗೆದ್ದವರ ಮನೆಗೆ ಊಟಕ್ಕೆ ಹೋಗಿ

ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 18, ಭಾನುವಾರ. ಸೋಲಿನ್ನೂ ಹಸಿಯಾಗಿತ್ತು. ಮೇರಿಲ್ಯಾಂಡ್‌ನ ಎಲಿಕಾಟ್ ಸಿಟಿಯಲ್ಲಿರುವ ಹಿರಿಯ ಸ್ನೇಹಿತರ ಮನೆಯಲ್ಲಿ ಹಬ್ಬದೂಟ. ಯುಎಂಬಿಸಿ ಅಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಅವರ ಮಗ ಅಲ್ಲಿಯೇ ಓದುತ್ತಿದ್ದ. ಕಪ್ಪು ಬಂಗಾರದ ಬಣ್ಣದ ಕಾಲೇಜು ಅಂಗಿಯನ್ನು ಹಬ್ಬದ ದಿನವೂ ಬಿಚ್ಚಿರಲಿಲ್ಲ.

“ಅಂಕಲ್, ನೋಡಿದ್ರಾ ಪಂದ್ಯ?” ಎಂದ ಬಾಗಿಲಲ್ಲೇ.

“ನೋಡದೆ ಇರ್ತೀನಾ? ಪೂರ್ತಿ ನೋಡಿದೆ ಕಣೋ.”

“ಏ, ಹಬ್ಬದ ದಿನ ಅವರನ್ನ ಗೋಳು ಹುಯ್ಕೋಬೇಡ. ಮೊದಲು ಒಳಗೆ ಬರಲಿ,” ಎಂದು ಒಳಗಿನಿಂದ ಅತ್ತಿಗೆ ಗದರಿದರು.

ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅವನ ಬಾಯಿಂದಲೇ ಆ ರಾತ್ರಿಯ ಕಥೆ ಕೇಳಿದೆ. ಅವರದು ಚದುರಂಗದ ತಂಡಕ್ಕೆ ಹೆಸರಾದ ಕಾಲೇಜು, ರಾಷ್ಟ್ರಮಟ್ಟದಲ್ಲಿ ಹಲವು ಸಲ ಗೆದ್ದದ್ದು. ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆಂದು ಹಾಸ್ಟೆಲಿನ ಹುಡುಗರೆಲ್ಲ ಒಟ್ಟಾಗಿ ಕೂತದ್ದು ಅವನಿಗೆ ನೆನಪೇ ಇರಲಿಲ್ಲ. ಅಂತರ ಹತ್ತಾದಾಗ ಯಾರೂ ಕೂಗಲಿಲ್ಲವಂತೆ, ಕೂಗಿದರೆ ಎಲ್ಲಿ ಕೈತಪ್ಪುತ್ತದೋ ಎಂಬ ಅಳುಕು. ಹದಿನೈದಾದ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರಂತೆ, ಆಮೇಲೆ ಮುಗಿಯುವವರೆಗೂ ಕೂರಲಿಲ್ಲ. ಪಂದ್ಯ ಮುಗಿದದ್ದೇ ಚಳಿಯಲ್ಲಿ ಅಂಗಿ ಕಳಚಿ ಬೀಸುತ್ತ ಹೊರಗೆ ಓಡಿದವರು ಎಷ್ಟೋ ಮಂದಿ.

ನಾವು ಸೋತ ಹೊತ್ತೇ ಅವರು ಗೆದ್ದ ಹೊತ್ತು ಎಂಬುದು ತಿಳಿದದ್ದೇ ಆದರೂ, ಒಂದು ಮುಖದ ಮೇಲೆ ಅದನ್ನು ಕಾಣುವವರೆಗೆ ಮನಸ್ಸಿಗೆ ಇಳಿಯುವುದಿಲ್ಲ. ಸೋತಾಗ ಎದುರು ಪಕ್ಷದ ಅಭಿಮಾನಿಯೊಬ್ಬನನ್ನು ಹುಡುಕಿಕೊಂಡು ಹೋಗಿ ಮಾತಾಡಿ. ಆ ಭಾನುವಾರ ರಾತ್ರಿ ಅವರು ಕ್ಯಾನ್ಸಸ್ ಸ್ಟೇಟ್ ಎದುರು 43–50ರಿಂದ ಸೋತು ಹೊರಬಿದ್ದರು. ಅವನಿಗೆ ಮೊದಲು ಫೋನ್ ಮಾಡಿದವನು ನಾನೇ ಇರಬೇಕು.

7. ತಂಡದ ಹಳೆಯ ಸೋಲುಗಳನ್ನೂ ಓದಿಕೊಳ್ಳಿ

ವರ್ಜೀನಿಯಾಕ್ಕೆ ಇಂಥದ್ದು ಇದೇ ಮೊದಲಲ್ಲ. 1982ರ ಡಿಸೆಂಬರ್ 23ರಂದು ಹೊನೊಲುಲುವಿನಲ್ಲಿ ಶಮಿನಾಡ್ ಎಂಬ ಪುಟ್ಟ ಕಾಲೇಜು ನಮ್ಮನ್ನು 77–72ರಿಂದ ಸೋಲಿಸಿತ್ತು. ಆಗಲೂ ನಾವು ದೇಶದ ನಂಬರ್ ಒಂದು. ನಮ್ಮಲ್ಲಿ ಏಳು ಅಡಿ ನಾಲ್ಕು ಅಂಗುಲದ ರಾಲ್ಫ್ ಸ್ಯಾಂಪ್ಸನ್ ಇದ್ದ. ಅವನನ್ನು ಎದುರಿಸಿದವನು ಆರು ಅಡಿ ಏಳು ಅಂಗುಲದ ಟೋನಿ ರ‍್ಯಾಂಡಾಲ್ಫ್. ವರ್ಜೀನಿಯಾದವನೇ, ಹೈಸ್ಕೂಲಿನಲ್ಲಿ ಸ್ಯಾಂಪ್ಸನ್ ವಿರುದ್ಧ ಆಡಿದ್ದವನು, ಅವನ ಚಲನವಲನ ಬಲ್ಲವನು. ರ‍್ಯಾಂಡಾಲ್ಫ್ 19 ಹೊಡೆದ, ಸ್ಯಾಂಪ್ಸನ್ 12. ನಮ್ಮವರು ಟೋಕಿಯೊದಿಂದ ಮರಳುವ ದಾರಿಯಲ್ಲಿದ್ದರು, ಸ್ಯಾಂಪ್ಸನ್ ಅಲ್ಲಿ ಕಾಯಿಲೆ ಬಿದ್ದು ಎದ್ದಿದ್ದ. ಆದರೂ ಆಡಿ ಗೆದ್ದವರು ಶಮಿನಾಡ್‌ನವರು. ಆ ಗೆಲುವಿನ ನೆನಪಿನಲ್ಲೇ ಹವಾಯಿಯಲ್ಲಿ ಪ್ರತಿ ವರ್ಷದ ಮಾವಿ ಪಂದ್ಯಾವಳಿ ಹುಟ್ಟಿಕೊಂಡಿತು. ಇವತ್ತು ದೊಡ್ಡ ದೊಡ್ಡ ಕಾಲೇಜುಗಳು ಅಲ್ಲಿಗೆ ಹೋಗಿ ಆಡುತ್ತವೆ.

ಶಮಿನಾಡ್ ಗೆಲುವಿನ ಆರೇ ತಿಂಗಳಿಗೆ, 1983ರ ಜೂನ್ 25ರಂದು, ಲಾರ್ಡ್ಸ್‌ನ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಭಾರತ 183ಕ್ಕೆ ಆಲೌಟ್ ಆಗಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಉರುಳಿಸಿತು. ನಮ್ಮ ರೋಜರ್ ಬಿನ್ನಿ ಆ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದು ಎಲ್ಲರಿಗಿಂತ ಮುಂದಿದ್ದರು, ಸ್ಟಂಪಿನ ಹಿಂದೆ ಸೈಯದ್ ಕಿರ್ಮಾನಿ. ಕರ್ನಾಟಕದ ಪ್ರತಿ ಮನೆಯಲ್ಲೂ ಹೇಳುವ ಕಥೆ. ಆ ಸಂಜೆ ಬಾರ್ಬಡೋಸ್‌ನಲ್ಲಿ ರೇಡಿಯೊಗೆ ಕಿವಿಹಚ್ಚಿ ಕೂತಿದ್ದವನ ಪಾಡೇನು ಎಂದು ನಾವು ಕೇಳಿಕೊಂಡದ್ದೇ ಇಲ್ಲ. ಶಾರ್ಲಟ್‌ನ ಪಂದ್ಯದ ಮೇಲೆ ನನಗೆ ಅವನ ನೆನಪು ಬರುತ್ತಿರುತ್ತದೆ. ಅವನ ತಂಡ ಸೋತದ್ದು ದುರದೃಷ್ಟದಿಂದ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ? ಮದನ್‌ಲಾಲ್ ಎಸೆತ, ಕಪಿಲ್ ಹಿಂದಕ್ಕೆ ಓಡಿ ಹಿಡಿದ ಕ್ಯಾಚು, ಮೊಹಿಂದರ್ ಅವರ ಸ್ಪೆಲ್ಲು ಎಂದು ಒಂದೊಂದನ್ನೇ ಎಣಿಸಿ ಹೇಳುತ್ತೇವೆ. ಯುಎಂಬಿಸಿಯ ಹುಡುಗರಿಗೂ ಅದೇ ನ್ಯಾಯ ಸಲ್ಲಬೇಕು.

8. ಏನನ್ನು ಬದಲಿಸಬೇಕು, ಏನನ್ನು ಬಿಡಬಾರದು

ಸೋಲಿನ ಮರುದಿನದಿಂದಲೇ ಬೆನೆಟ್ ಪದ್ಧತಿಯನ್ನು ಕಿತ್ತೆಸೆಯಿರಿ ಎಂಬ ಕೂಗು ಎದ್ದಿತು. ಅಗುಳೊಂದನ್ನು ಹಿಸುಕಿ ಅನ್ನ ಬೆಂದಿದೆಯೆಂದು ಹೇಳಬಹುದು, ಪಂದ್ಯವೊಂದನ್ನು ನೋಡಿ ತಂಡದ ಬೇರನ್ನೇ ಕೀಳಬಾರದು. ಬೆನೆಟ್ ಕಿತ್ತದ್ದು ಸ್ವಲ್ಪ, ಉಳಿಸಿಕೊಂಡದ್ದು ಬಹಳ. ರಕ್ಷಣೆ ಹಾಗೆಯೇ ಉಳಿಯಿತು, ನಿಧಾನವೂ ಉಳಿಯಿತು. ಅಂಕ ಗಳಿಸುವ ಕಡೆ ಮಾತ್ರ ಹೊಸ ದಾರಿ ತೆರೆದರು. ಇಬ್ಬರು ಒಂದೇ ಸಮನೆ ಓಡಾಡಿ ಎದುರಾಳಿಗೆ ಅಡ್ಡ ನಿಂತು ಎಸೆತಗಾರನನ್ನು ಬಿಡಿಸುವ ಹಳೆಯ ವರಸೆಯ ಜೊತೆಗೆ, ಚೆಂಡು ಹಿಡಿದವನಿಗೇ ನೇರವಾಗಿ ಅಡ್ಡಗಟ್ಟಿ ದಾರಿ ಮಾಡಿಕೊಡುವ ವರಸೆಯನ್ನು ಹೆಚ್ಚು ಬಳಸತೊಡಗಿದರು. ಟೈ ಜೆರೋಮ್‌ನಂಥ ಬುದ್ಧಿವಂತ ಗಾರ್ಡ್‌ಗೆ ಅದು ಹೇಳಿ ಮಾಡಿಸಿದ್ದು. ಮೂರನೆಯ ಪಾಠದಲ್ಲಿ ಹೇಳಿದೆನಲ್ಲ, ಹಿಡಿಯಲು ಇನ್ನೊಂದು ಕೊಂಬೆ, ಅದು ಬಂತು.

2019ರ ಮಾರ್ಚ್‌ನಲ್ಲಿ ಮತ್ತೆ ಒಂದನೇ ಶ್ರೇಯಾಂಕ, ಮತ್ತೆ ಹದಿನಾರನೆಯವರು ಎದುರು. ಗಾರ್ಡ್ನರ್-ವೆಬ್. ಮೊದಲರ್ಧದಲ್ಲಿ 14 ಅಂಕ ಹಿಂದೆ ಬಿದ್ದೆವು. ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅರ್ಧಕ್ಕೆ 30–36, ಕೊನೆಗೆ 71–56, ಗೆದ್ದೆವು. ಆಮೇಲೆ ಲೂಯಿವಿಲ್‌ನಲ್ಲಿ ಪರ್ಡ್ಯೂ ಎದುರು ಜೆರೋಮ್‌ನ ಫ್ರೀ ಥ್ರೋ ತಪ್ಪಿತು, ಮಮಾದಿ ಡಿಯಾಕಿಟೆ ಅದನ್ನು ಹಿಂದಕ್ಕೆ ತಳ್ಳಿದ, ಚೆಂಡು ಅರ್ಧ ಕೋರ್ಟ್ ದಾಟಿ ಹೋಯಿತು. ಐದು ಅಡಿ ಒಂಬತ್ತು ಅಂಗುಲದ ಕಿಹೇ ಕ್ಲಾರ್ಕ್ ಬೆನ್ನಟ್ಟಿ ಹಿಡಿದು, ತಲೆಯೆತ್ತಿ ನೋಡಿ, ಡಿಯಾಕಿಟೆಗೇ ಉದ್ದದ ಪಾಸ್ ಎಸೆದ. ಗಂಟೆ ಹೊಡೆಯುವಾಗ ಚೆಂಡು ಗಾಳಿಯಲ್ಲಿತ್ತು. 70–70. ಹೆಚ್ಚುವರಿ ಆಟದಲ್ಲಿ 80–75. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 0.6 ಸೆಕೆಂಡ್ ಉಳಿದಿದ್ದಾಗ ಕೈಲ್ ಗೈಗೆ ಮೂರು ಫ್ರೀ ಥ್ರೋ, ಮೂರೂ ಬಿದ್ದವು, 63–62. ಅದಕ್ಕೆ ಸ್ವಲ್ಪ ಮುಂಚೆ ಜೆರೋಮ್ ನಿಯಮ ತಪ್ಪಿ ಎರಡು ಸಲ ಡ್ರಿಬಲ್ ಮಾಡಿದ್ದನ್ನು ರೆಫರಿಗಳು ಗಮನಿಸಲಿಲ್ಲ. ಆಬರ್ನ್‌ನವರ ಸಂಕಟ ನ್ಯಾಯವಾದದ್ದು. ಏಪ್ರಿಲ್ 8ರ ಫೈನಲ್‌ನಲ್ಲಿ ಹಿಂದಿನ ವರ್ಷ ಗಾಯದಿಂದ ಕೂತಿದ್ದ ಹಂಟರ್ 27 ಅಂಕ ಹೊಡೆದ. ಟೆಕ್ಸಸ್ ಟೆಕ್ ಎದುರು ಹೆಚ್ಚುವರಿ ಆಟದಲ್ಲಿ 85–77, ಈ ಪಂದ್ಯಾವಳಿಯಲ್ಲಿ ವರ್ಜೀನಿಯಾದ ಮೊಟ್ಟಮೊದಲ ಪ್ರಶಸ್ತಿ.

ಈ ಪ್ರಶಸ್ತಿ 2018ನ್ನು ಅಳಿಸಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಳಿಸಬೇಕಾದ ಅಗತ್ಯವೇ ಇಲ್ಲ. ಕೈಲ್ ಗೈ ಆ ಸೋಲಿನ ಗಳಿಗೆಯ ತನ್ನದೇ ಚಿತ್ರವನ್ನು ವರ್ಷವಿಡೀ ಕಣ್ಣೆದುರು ಇಟ್ಟುಕೊಂಡಿದ್ದ. 2019ರಲ್ಲಿ ಮೂರು ಪಂದ್ಯಗಳು ನಮ್ಮ ಕಡೆ ವಾಲಿದ್ದು ಒಂದೊಂದು ಕೂದಲೆಳೆಯಲ್ಲಿ. ಆಗ ಅದನ್ನು ನಮ್ಮ ಛಲ ಎಂದು ಕೊಂಡಾಡಿ, 2018ರದ್ದನ್ನು ಬರೀ ದುರದೃಷ್ಟ ಎನ್ನುವುದು ಸರಿಯಾದ ಅಳತೆಯಲ್ಲ.

2024ರ ಅಕ್ಟೋಬರ್‌ನಲ್ಲಿ ಬೆನೆಟ್ ನಿವೃತ್ತರಾದರು. ಮುಂದಿನ ಮಾರ್ಚ್‌ನಲ್ಲಿ ವರ್ಜೀನಿಯಾ ಆರಿಸಿಕೊಂಡ ಹೊಸ ಕೋಚ್ ರಯನ್ ಓಡಮ್, ನಮ್ಮನ್ನು ಸೋಲಿಸಿದ ಅವರೇ. ಅವರ ತಂದೆ ಎಂಬತ್ತರ ದಶಕದಲ್ಲಿ ವರ್ಜೀನಿಯಾದ ಸಹಾಯಕ ಕೋಚ್ ಆಗಿದ್ದರು, ಬಾಲಕ ರಯನ್ ನಮ್ಮ ಪಂದ್ಯಗಳಲ್ಲಿ ಬಾಲ್ ಬಾಯ್. ಈ ನೇಮಕ ಕೆಲವು ಗೆಳೆಯರಿಗೆ ಗಂಟಲಲ್ಲಿ ಇಳಿಯಲಿಲ್ಲ. ನನಗೆ ಸಂತೋಷವಾಯಿತು. ನಮ್ಮ ಆಟದ ಬಿರುಕು ಎಲ್ಲಿತ್ತೆಂದು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನಾರು?

9. ಹೊಸದಾಗಿ ಸೋತವರಿಗೆ ಪಂದ್ಯವನ್ನು ಮತ್ತೆ ತೋರಿಸಿ

2023ರ ಮಾರ್ಚ್ 17ರಂದು, ಹದಿನಾರನೆಯವರಿಗೆ ಸೋಲುವ ಅದೇ ಗತಿ ಪರ್ಡ್ಯೂಗೆ ಬಂತು. ಏಳು ಅಡಿ ನಾಲ್ಕು ಅಂಗುಲದ ಜ್ಯಾಕ್ ಎಡೀ ಇದ್ದ ತಂಡವನ್ನು ಫೇರ್ಲಿ ಡಿಕಿನ್‌ಸನ್ 63–58ರಿಂದ ಸೋಲಿಸಿತು. ಮೊದಲ ದರ್ಜೆಯ ಕಾಲೇಜುಗಳಲ್ಲೇ ಅತಿ ಕುಳ್ಳರ ತಂಡ ಅದು. ನನ್ನ ಅಕ್ಕನ ಮಗ ಮೈಸೂರಿನಲ್ಲಿ ಬಿ.ಇ. ಮುಗಿಸಿ ಪರ್ಡ್ಯೂನಲ್ಲಿ ಓದುತ್ತಿದ್ದ. ಮಧ್ಯರಾತ್ರಿ ಫೋನ್.

“ಮಾಮ, ಮರೆಯೋಕೆ ಎಷ್ಟು ದಿನ ಬೇಕಾಯ್ತು ನಿಮಗೆ?”

“ಮರೀಬೇಡ. ಎರಡು ದಿನ ಬಿಟ್ಟು ಇನ್ನೊಂದು ಸಲ ನೋಡು. ಈ ಸಲ ಎಡೀನ ನೋಡಬೇಡ, ಅವನ ಸುತ್ತ ಇರೋರನ್ನ ನೋಡು.”

ನೋಡಿ ಫೋನ್ ಮಾಡಿದ. ಎಡೀ 21 ಅಂಕ, 15 ರಿಬೌಂಡ್ ಗಳಿಸಿದ್ದ, ಆದರೆ ಅವನ ಹಿಂದೊಬ್ಬರು ಮುಂದೊಬ್ಬರು ನಿಂತು ಚೆಂಡು ತಲುಪದಂತೆ ಮಾಡಿದ್ದರು. ಹೊರಗಿದ್ದವರಿಗೆ ಬೇಕಾದಷ್ಟು ಜಾಗ ಸಿಕ್ಕಿತ್ತು, ಮೂರು ಅಂಕಕ್ಕೆ 26 ಎಸೆದು ಹಾಕಿದ್ದು 5. “ಬೇಕಂತಲೇ ಬಿಟ್ಟಿದ್ರು ಮಾಮ, ಇವರು ಹಾಕಲ್ಲ ಅಂತ ಗೊತ್ತಿತ್ತು ಅವರಿಗೆ,” ಎಂದ.

ಮುಂದಿನ ವರ್ಷ ಪರ್ಡ್ಯೂ ಫೈನಲ್ ತಲುಪಿ ಕನೆಕ್ಟಿಕಟ್ ಎದುರು 60–75ರಿಂದ ಸೋತಾಗಲೂ ಅವನ ಫೋನ್ ಬಂತು. ಅಳು ಇರಲಿಲ್ಲ, ರೆಫರಿಗಳ ಬಗ್ಗೆ ದೂರಿರಲಿಲ್ಲ. ಈ ಸಲ ತದ್ವಿರುದ್ಧ ಮಾಡಿದ್ರು ಎಂದ: ಎಡೀಯನ್ನು ಒಬ್ಬನ ಪಾಲಿಗೆ ಬಿಟ್ಟು 37 ಅಂಕ ಹೊಡೆಯಲು ಕೊಟ್ಟರು, ಹೊರಗಿನವರಿಗೆ ಮಾತ್ರ ಉಸಿರಾಡಲು ಬಿಡಲಿಲ್ಲ, ಇಡೀ ಪಂದ್ಯದಲ್ಲಿ ಮೂರು ಅಂಕಕ್ಕೆ ಏಳೇ ಎಸೆತ, ಬಿದ್ದದ್ದು ಒಂದು. ಎಡೀ ಕಾಲೇಜು ಬಿಟ್ಟ ಮೇಲೆ ಹೊರಗಿನ ಆ ಗಾರ್ಡ್‌ಗಳು ತಮ್ಮ ಎಸೆತಗಳನ್ನು ತಾವೇ ಹುಟ್ಟಿಸಿಕೊಳ್ಳಬಲ್ಲರೇ ಎಂದು ನಾನು ಕೇಳಿದೆ. ಬಲ್ಲರು ಎಂದು ಅವನು, ಅನುಮಾನ ಎಂದು ನಾನು, ವಾದ ಬಹಳ ಹೊತ್ತು ನಡೆಯಿತು.